ಹುಳಿ ದ್ರಾಕ್ಷಿಯ ಗಾದೆ: ಹೀಬ್ರೂ ಪ್ರವಾದಿಗಳು ಮತ್ತು ಹೊಣೆಯ ಪ್ರಶ್ನೆ

ಹೀಬ್ರೂ ಧರ್ಮಗ್ರಂಥದ ಮೂರು ಭಾಗಗಳಲ್ಲಿ ನಡುವಿನದಕ್ಕೆ ‘ನೆವಿಈಮ್’ ಎಂದು ಹೆಸರು. ಕನ್ನಡ ಸತ್ಯವೇದದ ‘ಪ್ರವಾದಿಗಳು’ ಎಂಬುದೇ ಈ ಪದದ ಅರ್ಥ. ಯೆಹೋಶುವನಿಂದ ಅರಸುಗಳವರೆಗಿನ ಚರಿತ್ರೆಯ ಗ್ರಂಥಗಳೂ ಯೆಶಾಯ, ಯೆರೆಮೀಯ, ಯೆಹೆಜ್ಕೇಲ ಮತ್ತು ಹನ್ನೆರಡು ಮಂದಿ ಕಿರಿಯ ಪ್ರವಾದಿಗಳ ಗ್ರಂಥಗಳೂ ಈ ಭಾಗದಲ್ಲಿ ಒಟ್ಟಿಗೆ ಸೇರಿವೆ. ಪ್ರವಾದಿ ಎಂದೊಡನೆ ಮುಂದಾಗುವುದನ್ನು ಮೊದಲೇ ತಿಳಿಸುವವನೆಂಬ ಕಲ್ಪನೆ ಬರುವುದು ಸಹಜವಾದರೂ ‘ನವಿ’ ಎಂಬ ಮೂಲಪದಕ್ಕೆ ‘ಕರೆಯಲ್ಪಟ್ಟವನು’ ಎಂಬ ಅರ್ಥವನ್ನೇ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ, ಮತ್ತು ಈ ಗ್ರಂಥಗಳನ್ನು ಸಾವಧಾನವಾಗಿ ಓದಿದವರಿಗೆ ಅಲ್ಲಿ ಭವಿಷ್ಯವಾಣಿಗಿಂತ ಆರೋಪಪಟ್ಟಿಯೇ ಹೆಚ್ಚಾಗಿ ಕಾಣುತ್ತದೆ. ಯಾರು ಯಾರಿಗೆ ಅನ್ಯಾಯ ಮಾಡಿದರು, ಅದರ ಫಲವನ್ನು ಯಾರು ಉಣ್ಣಬೇಕು, ಮಾಡಿದವನೇ, ಅವನ ಮನೆತನವೇ, ಅವನನ್ನು ಆಳಿದ ಅರಸನೇ, ಇಲ್ಲವೇ ಸುಮ್ಮನೆ ನೋಡಿಕೊಂಡಿದ್ದ ಇಡೀ ಪೀಳಿಗೆಯೇ ಎಂಬ ಪ್ರಶ್ನೆ ಕ್ರಿ.ಪೂ. 8ನೆಯ ಶತಮಾನದಿಂದ 6ನೆಯ ಶತಮಾನದವರೆಗೆ ಇಸ್ರಾಯೇಲ್ ಮತ್ತು ಯೆಹೂದ ಎಂಬ ಎರಡು ಸಣ್ಣ ರಾಜ್ಯಗಳಲ್ಲಿ ಮತ್ತೆ ಮತ್ತೆ ಎದ್ದಿತು, ಆದರೆ ಪ್ರತಿಸಲವೂ ಒಂದೇ ಉತ್ತರ ಬರಲಿಲ್ಲ.

ಈ ಪ್ರಶ್ನೆಯ ಬೇರು ಭಾಷೆಯಲ್ಲಿಯೇ ಇದೆ. ಹೀಬ್ರೂವಿನ ‘ಆವೋನ್’ ಎಂಬ ಪದವು ತಪ್ಪು, ಅದರಿಂದ ಹತ್ತಿದ ದೋಷ ಮತ್ತು ಅದಕ್ಕೆ ತೆರಬೇಕಾದ ದಂಡ ಈ ಮೂರನ್ನೂ ಒಟ್ಟಿಗೆ ಸೂಚಿಸುತ್ತದೆ. ‘ಆವೋನ್ ಹೊರುವುದು’ ಎಂಬ ನುಡಿಗಟ್ಟಿಗೆ ಅಪರಾಧಿ ಅದನ್ನು ಹೊತ್ತರೆ ಶಿಕ್ಷೆ ಅನುಭವಿಸುವುದೆಂದೂ ದೇವರು ಅದನ್ನು ಎತ್ತಿಕೊಂಡರೆ ಕ್ಷಮಿಸುವುದೆಂದೂ ಅರ್ಥ. ತಪ್ಪೆಂಬುದು ಹೀಗೆ ಒಂದು ಹೊರೆಯಾಗಿದ್ದು, ಹೊರೆಯೆಂದ ಮೇಲೆ ಅದು ಯಾರದಾದರೂ ಹೆಗಲ ಮೇಲೆ ಇರಲೇಬೇಕು, ಹೊತ್ತವನು ಸತ್ತರೆ ವಾರಸುದಾರನ ಹೆಗಲಿಗೆ ಇಳಿಯಬೇಕು. ಸಾಲವನ್ನು ಬಿಟ್ಟು ತೀರಿಕೊಂಡ ಒಬ್ಬನ ಹೆಂಡತಿ, ಸಾಲ ಕೊಟ್ಟವನು ತನ್ನ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಂದಿದ್ದಾನೆಂದು ಪ್ರವಾದಿ ಎಲೀಷನ ಮುಂದೆ ಗೋಳಿಟ್ಟ ಪ್ರಸಂಗ ಅರಸುಗಳ ಎರಡನೆಯ ಗ್ರಂಥದಲ್ಲಿ ಬರುತ್ತದೆ. ತಂದೆಯ ಸಾಲಕ್ಕೆ ಮಗ ಜೀತಕ್ಕೆ ಹೋಗುವ ಸಮಾಜದಲ್ಲಿ ತಂದೆಯ ಪಾಪಕ್ಕೆ ಮಗ ದಂಡ ತೆರುವುದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

ಇದು ಇಸ್ರಾಯೇಲ್ಯರೊಬ್ಬರದೇ ಎಣಿಕೆಯಾಗಿರಲಿಲ್ಲ. ಕ್ರಿ.ಪೂ. 14ನೆಯ ಶತಮಾನದ ಕೊನೆಯಲ್ಲಿ ಅನತೋಲಿಯವನ್ನು ಆಳಿದ ಹಿಟ್ಟೈಟ್ ದೊರೆ ಎರಡನೆಯ ಮುರ್ಸಿಲಿ, ಇಪ್ಪತ್ತು ವರ್ಷಗಳಿಂದ ನಾಡನ್ನು ಬರಿದು ಮಾಡುತ್ತಿದ್ದ ಸಾಂಕ್ರಾಮಿಕ ರೋಗವನ್ನು ತೊಲಗಿಸೆಂದು ದೇವತೆಗಳಿಗೆ ಸಲ್ಲಿಸಿದ ಪ್ರಾರ್ಥನೆಗಳು ಜೇಡಿಮಣ್ಣಿನ ಹಲಗೆಗಳಲ್ಲಿ ಉಳಿದಿವೆ. ತಾನು ಏನನ್ನೂ ಮಾಡಿಲ್ಲವೆಂದೂ, ಆದರೆ ತಂದೆ ಸುಪ್ಪಿಲುಲಿಯುಮನು ಆಣೆ ಮುರಿದ ಪಾಪ ಮಗನ ಮೇಲೆ ಬರುವುದು ನ್ಯಾಯವೇ ಆದ್ದರಿಂದ ಅದನ್ನು ತನ್ನದೆಂದೇ ಒಪ್ಪಿಕೊಳ್ಳುವೆನೆಂದೂ ಅವನು ನಿವೇದಿಸಿಕೊಳ್ಳುತ್ತಾನೆ. ಅದಕ್ಕಿಂತ ನಾಲ್ಕು ಶತಮಾನ ಹಿಂದಿನ ಬಾಬಿಲೋನಿನ ಹಮ್ಮುರಾಬಿಯ ಶಾಸನದಲ್ಲಿ ಈ ತತ್ತ್ವ ಇನ್ನೂ ನೇರವಾಗಿದೆ: ಕಟ್ಟಿದ ಮನೆ ಕುಸಿದು ಮನೆಯ ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ, ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ ಮರಣದಂಡನೆ. ಇಲ್ಲಿ ಮಗನೆಂದರೆ ತಂದೆಯ ಸ್ವತ್ತಿನ ಒಂದು ಭಾಗವೇ ಹೊರತು ಬೇರೊಬ್ಬ ವ್ಯಕ್ತಿಯಲ್ಲ.

ಹೀಬ್ರೂ ಗ್ರಂಥದ ಹಳೆಯ ಪದರಗಳಲ್ಲಿಯೂ ಇದೇ ಲೆಕ್ಕ ನಡೆಯುತ್ತದೆ. ಯೆರಿಕೋವಿನ ಲೂಟಿಯಲ್ಲಿ ದೇವರಿಗೆ ಮೀಸಲಾದ ಒಡವೆಯನ್ನು ಕದ್ದು ಬಚ್ಚಿಟ್ಟ ಆಕಾನನೊಂದಿಗೆ ಅವನ ಗಂಡುಮಕ್ಕಳೂ ಹೆಣ್ಣುಮಕ್ಕಳೂ ದನಕರುಗಳೂ ನಾಶವಾಗುತ್ತವೆ. ಇಸ್ರಾಯೇಲ್ಯರು ಗಿಬ್ಯೋನ್ಯರಿಗೆ ಕೊಟ್ಟ ಮಾತನ್ನು ಮೀರಿ ಅರಸ ಸೌಲನು ಅವರನ್ನು ಕೊಂದಿದ್ದಕ್ಕೆ ಪ್ರತಿಯಾಗಿ, ಅವನು ಸತ್ತು ಎಷ್ಟೋ ಕಾಲವಾದ ಮೇಲೆ, ಅವನ ಸಂತಾನದ ಏಳು ಮಂದಿಯನ್ನು ಗಿಬ್ಯೋನ್ಯರ ಕೈಗೆ ಒಪ್ಪಿಸಲಾಗುತ್ತದೆ. ವಿಮೋಚನಕಾಂಡದ ದಶಾಜ್ಞೆಗಳಲ್ಲಿ ತಂದೆಗಳ ದೋಷವನ್ನು ಮೂರನೆಯ ನಾಲ್ಕನೆಯ ತಲೆಮಾರಿನವರೆಗೆ ವಿಚಾರಿಸುವ ದೇವರ ಮಾತು ಬರುವುದೂ ಈ ಹಿನ್ನೆಲೆಯಲ್ಲಿಯೇ. ಅಂದಿನ ಕುಟುಂಬಕ್ಕೆ ‘ಬೇತ್ ಆವ್’, ಅಂದರೆ ‘ತಂದೆಯ ಮನೆ’, ಎಂದು ಹೆಸರು. ಅಜ್ಜನಿಂದ ಮರಿಮಗನವರೆಗೆ ಮೂರು ನಾಲ್ಕು ತಲೆಮಾರು ಒಂದೇ ಅಂಗಳದಲ್ಲಿ ಬಾಳುತ್ತಿದ್ದ ಆ ಮನೆಯಲ್ಲಿ ಯಜಮಾನನ ಕೇಡು ಎಲ್ಲರನ್ನೂ ಮುಟ್ಟುತ್ತಿತ್ತು, ಆದ್ದರಿಂದ ಈ ಎಣಿಕೆಯನ್ನು ದೇವರ ಕ್ರೌರ್ಯವೆಂದು ಓದುವುದಕ್ಕಿಂತ ಒಟ್ಟು ಕುಟುಂಬದ ಅನುಭವದ ವರದಿಯೆಂದು ಓದುವುದು ಹೆಚ್ಚು ಸರಿ.

ಈ ಲೆಕ್ಕವನ್ನು ಪ್ರವಾದಿಗಳು ಮೊದಲು ಪ್ರಶ್ನಿಸಿದ್ದು ಮಕ್ಕಳ ಪರವಾಗಿ ಅಲ್ಲ, ಅರಸರ ವಿರುದ್ಧ. ದಾವೀದನು ಊರೀಯನ ಹೆಂಡತಿಯನ್ನು ತೆಗೆದುಕೊಂಡು ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ಸಾಯಿಸಿದಾಗ ಪ್ರವಾದಿ ನಾತಾನನು ಆಸ್ಥಾನಕ್ಕೆ ಹೋಗಿ ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಸಿರಿವಂತನ ಕಥೆ ಹೇಳುತ್ತಾನೆ. ನ್ಯಾಯಾಧಿಪತಿಯ ಪೀಠದಲ್ಲಿ ಕುಳಿತ ದೊರೆ ಆ ಸಿರಿವಂತನಿಗೆ ಮರಣದಂಡನೆ ವಿಧಿಸಿ, ಆ ತೀರ್ಪು ತನ್ನ ಮೇಲೆಯೇ ಬಿದ್ದುದನ್ನು ಅರಿಯುತ್ತಾನೆ. ಒಂದು ಶತಮಾನದ ನಂತರ ಉತ್ತರದ ಇಸ್ರಾಯೇಲ್ ರಾಜ್ಯದ ಅರಸ ಅಹಾಬನು ಇಜ್ರೇಲಿನ ನಾಬೋತನ ದ್ರಾಕ್ಷಿತೋಟವನ್ನು ಬಯಸಿದಾಗ ನಡೆದದ್ದು ಇನ್ನೂ ಕುಟಿಲವಾದದ್ದು, ಏಕೆಂದರೆ ಅಲ್ಲಿ ಕಾನೂನಿನ ಎಲ್ಲ ವಿಧಿಗಳೂ ಪಾಲನೆಯಾದವು. ಪಿತ್ರಾರ್ಜಿತ ಭೂಮಿಯನ್ನು ಮಾರಲು ಒಪ್ಪದ ನಾಬೋತನ ಮೇಲೆ ರಾಣಿ ಈಜೆಬೆಲಳು ಅರಸನ ಮೊಹರು ಹಾಕಿ ಕಳುಹಿಸಿದ ಪತ್ರಗಳಂತೆ ಊರ ಹಿರಿಯರು ಸಭೆ ಸೇರಿಸಿದರು, ನಿಯಮದಂತೆ ಇಬ್ಬರು ಸಾಕ್ಷಿಗಳು ನುಡಿದರು, ದೇವನಿಂದೆ ಮಾಡಿದನೆಂದು ಅವನನ್ನು ಕಲ್ಲೆಸೆದು ಕೊಂದರು, ಅರಸನು ತೋಟವನ್ನು ವಶಪಡಿಸಿಕೊಳ್ಳಲು ಇಳಿದು ಹೋದನು. ಪ್ರವಾದಿ ಎಲೀಯನು ಆ ತೋಟದಲ್ಲಿಯೇ ಅರಸನನ್ನು ತಡೆದು ಕೊಲೆಯ ಹೊಣೆಯನ್ನು ಪತ್ರ ಬರೆದವಳಿಗಾಗಲಿ ಕಲ್ಲೆಸೆದವರಿಗಾಗಲಿ ಬಿಡದೆ, ಲಾಭ ಪಡೆದವನ ತಲೆಗೆ ಕಟ್ಟುತ್ತಾನೆ. ಅಧಿಕಾರದ ಕೈಗಳು ಎಷ್ಟಿದ್ದರೂ ಹೊಣೆ ಅದರ ತಲೆಯದು ಎಂಬ ಈ ನಿಲುವು ಸಣ್ಣದಲ್ಲ, ಅದು ಎದುರಿಸಿದ ಅರಸನೂ ಸಣ್ಣವನಲ್ಲ: ಕ್ರಿ.ಪೂ. 853ರಲ್ಲಿ ಕರ್ಕರ್ ಎಂಬಲ್ಲಿ ತನಗೆದುರಾದ ಅರಸರ ಪೈಕಿ ಇದೇ ಅಹಾಬನ ಹೆಸರನ್ನು 2,000 ರಥಗಳೊಂದಿಗೆ ಅಸ್ಸೀರಿಯದ ಮೂರನೆಯ ಶಲ್ಮನೇಸರನು ತನ್ನ ಶಾಸನದಲ್ಲಿ ಕೆತ್ತಿಸಿದ್ದಾನೆ.

ಆದರೂ ಈ ಎರಡೂ ಕಥೆಗಳಲ್ಲಿ ಹಳೆಯ ಲೆಕ್ಕ ಪೂರ್ತಿ ಅಳಿದಿಲ್ಲವೆಂಬುದನ್ನು ಗಮನಿಸಬೇಕು. ದಾವೀದನು ಪಶ್ಚಾತ್ತಾಪಪಟ್ಟ ಮೇಲೆ ಸಾಯುವುದು ಅವನಲ್ಲ, ಹುಟ್ಟಿದ ಕೂಸು. ಅಹಾಬನು ಗೋಣಿತಟ್ಟು ಉಟ್ಟು ತಗ್ಗಿದಾಗ ಕೇಡು ತಪ್ಪುವುದಿಲ್ಲ, ಅವನ ಮಗನ ಕಾಲಕ್ಕೆ ಮುಂದೂಡಲ್ಪಡುತ್ತದೆ. ಇನ್ನೊಂದು ಕಡೆ, ನಾಬೋತನೊಂದಿಗೆ ಅವನ ಮಕ್ಕಳ ರಕ್ತವೂ ಹರಿದಿತ್ತೆಂಬ ಮಾತು ಅರಸುಗಳ ಎರಡನೆಯ ಗ್ರಂಥದಲ್ಲಿ ಬರುತ್ತದೆ. ವಾರಸುದಾರರು ಉಳಿದರೆ ತೋಟ ದಕ್ಕುತ್ತಿರಲಿಲ್ಲವೆಂದು ಊಹಿಸಲು ಕಷ್ಟವಿಲ್ಲ.

ಕ್ರಿ.ಪೂ. 8ನೆಯ ಶತಮಾನದ ನಡುಭಾಗದಲ್ಲಿ, ಎರಡನೆಯ ಯಾರೊಬ್ಬಾಮನ ಆಳ್ವಿಕೆಯಲ್ಲಿ ಇಸ್ರಾಯೇಲಿಗೆ ಒದಗಿದ ಸಮೃದ್ಧಿಯ ನಡುವೆ ಆಮೋಸನು ಮಾತಾಡಿದನು. ಅವನು ದಕ್ಷಿಣದ ತೆಕೋವದ ಕುರಿಗಾರ, ಅತ್ತಿಯ ಜಾತಿಯ ಹಣ್ಣಿನ ಮರಗಳನ್ನು ನೋಡಿಕೊಳ್ಳುತ್ತಿದ್ದವನು, ಪ್ರವಾದಿಗಳ ಗುಂಪಿಗೆ ತಾನು ಸೇರಿದವನಲ್ಲವೆಂದು ತಾನೇ ಹೇಳಿಕೊಂಡವನು. ಬೇತೇಲಿನ ರಾಜಾಲಯದಲ್ಲಿ ಅವನು ಆಡಿದ ಮಾತನ್ನು ನಾಡು ತಾಳಲಾರದೆಂದು ಯಾಜಕ ಅಮಚ್ಯನು ಅರಸನಿಗೆ ದೂರು ಕಳುಹಿಸಿ ಅವನನ್ನು ಗಡಿಯಾಚೆ ಹೋಗೆಂದು ಅಟ್ಟಿದನು. ಅವನ ಗ್ರಂಥ ತೆರೆಯುವುದು ಸುತ್ತಣ ದೇಶಗಳ ಮೇಲಿನ ಆರೋಪಗಳಿಂದ: ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಇವುಗಳಲ್ಲಿ ಮೋವಾಬಿನ ಮೇಲಿನ ಆರೋಪ ವಿಶೇಷವಾದುದು, ಏಕೆಂದರೆ ಮೋವಾಬ್ಯರು ಸುಟ್ಟು ಸುಣ್ಣ ಮಾಡಿದ್ದು ಎದೋಮಿನ ಅರಸನ ಎಲುಬುಗಳನ್ನು. ಇಸ್ರಾಯೇಲಿಗೆ ಇದರಲ್ಲಿ ಯಾವ ನಷ್ಟವೂ ಆಗಿರಲಿಲ್ಲ. ತನ್ನವರಲ್ಲದವರಿಗೆ ತನ್ನವರಲ್ಲದವರು ಮಾಡಿದ ಅಪಚಾರವನ್ನೂ ದೇವರು ಎಣಿಸುತ್ತಾನೆಂದರೆ ನೀತಿಯ ಅಧಿಕಾರವ್ಯಾಪ್ತಿ ಕುಲದ ಗಡಿಯನ್ನು ದಾಟಿತೆಂದೇ ಅರ್ಥ. ಕೇಳುಗರು ತಲೆದೂಗುತ್ತಿರುವಾಗಲೇ ಸುತ್ತು ಕಿರಿದಾಗುತ್ತಾ ಯೆಹೂದಕ್ಕೆ ಬಂದು, ಕೊನೆಗೆ ಇಸ್ರಾಯೇಲಿನ ಮೇಲೆ ಎಲ್ಲಕ್ಕಿಂತ ಉದ್ದನೆಯ ಆರೋಪವಾಗಿ ನಿಲ್ಲುತ್ತದೆ: ಒಂದು ಜೊತೆ ಪಾದರಕ್ಷೆಯ ಬೆಲೆಗೆ ಬಡವನನ್ನು ಮಾರುವುದು, ಅಡವಿಟ್ಟುಕೊಂಡ ಬಟ್ಟೆಯನ್ನು ಹಾಸಿಕೊಂಡು ಬಲಿಪೀಠದ ಬಳಿ ಒರಗುವುದು, ಮುಂದಿನ ಪುಟಗಳಲ್ಲಿ ಕೊಳಗವನ್ನು ಕಿರಿದು ಮಾಡಿ ತೂಕದ ಕಲ್ಲನ್ನು ಹಿರಿದು ಮಾಡುವುದು. ಆಮೋಸನು ಹಂಗಿಸಿದ ದಂತದ ಮಂಚಗಳು ಬರಿಯ ಅಲಂಕಾರದ ಮಾತಲ್ಲವೆಂಬುದಕ್ಕೆ 1930ರ ದಶಕದಲ್ಲಿ ಇಸ್ರಾಯೇಲಿನ ರಾಜಧಾನಿ ಸಮಾರ್ಯದ ಅರಮನೆಯ ದಿಬ್ಬದಲ್ಲಿ ಅಗೆದು ತೆಗೆದ ಪೀಠೋಪಕರಣದ ದಂತದ ಕೆತ್ತನೆಗಳು ಸಾಕ್ಷಿ. 1910ರಲ್ಲಿ ಅಲ್ಲಿಯೇ ಸಿಕ್ಕ ಬರಹದ ಮಡಕೆಚೂರುಗಳು ಹಳ್ಳಿಗಳಿಂದ ರಾಜಧಾನಿಗೆ ಹೋದ ಹಳೆಯ ದ್ರಾಕ್ಷಾರಸ ಮತ್ತು ಎಣ್ಣೆಯ ಲೆಕ್ಕ ಹೇಳುತ್ತವೆ.

ಬಡವರ, ವಿಧವೆಯರ, ಅನಾಥರ ಕಾಳಜಿಯನ್ನು ಹೀಬ್ರೂ ಪ್ರವಾದಿಗಳೇ ಜಗತ್ತಿಗೆ ಕಲಿಸಿದರೆಂದು ಹಳೆಯ ಪಾಠಪುಸ್ತಕಗಳು ಬರೆದುದುಂಟು. ಅದು ಅತಿಯಾದ ಮಾತು. ಹಮ್ಮುರಾಬಿಯೇ ಬಲಿಷ್ಠನು ದುರ್ಬಲನನ್ನು ತುಳಿಯದಂತೆ ತನ್ನ ಶಾಸನವೆಂದು ಹೇಳಿಕೊಂಡಿದ್ದನು, ಮತ್ತು ಕ್ರಿ.ಪೂ. 18ನೆಯ ಶತಮಾನದಲ್ಲಿ ಯೂಫ್ರಟೀಸ್ ದಂಡೆಯ ಮಾರಿ ಪಟ್ಟಣದ ಅರಸ ಜಿಮ್ರಿಲಿಮನಿಗೆ ಬಂದ ಒಂದು ಪತ್ರದಲ್ಲಿ, ಅನ್ಯಾಯಕ್ಕೊಳಗಾದವರು ಮೊರೆಯಿಟ್ಟರೆ ನಿಂತು ಅವರ ವ್ಯಾಜ್ಯ ತೀರಿಸಬೇಕೆಂದು ಅದದ್ ದೇವತೆ ಪ್ರವಾದಿಯ ಮೂಲಕ ಆಜ್ಞಾಪಿಸಿದ ಸುದ್ದಿಯಿದೆ. ಆಮೋಸನಲ್ಲಿ ಹೊಸದು ಕಾಳಜಿಯಲ್ಲ, ಅದರ ತೂಕ. ಆಯ್ಕೆಯಾದ ಜನವೆಂಬ ಹೆಮ್ಮೆಯನ್ನು ಅವನು ರಕ್ಷಣೆಯ ಪತ್ರವೆಂದು ಓದದೆ ಹೆಚ್ಚಿನ ಹೊಣೆಯ ಕರಾರೆಂದು ಓದಿದನು. ಫಿಲಿಷ್ಟಿಯರನ್ನು ಕಫ್ತೋರಿನಿಂದಲೂ ಅರಾಮ್ಯರನ್ನು ಕೀರಿನಿಂದಲೂ ಕರೆತಂದವನು ಅದೇ ದೇವರೆಂದು ಹೇಳಿ ಆ ಹೆಮ್ಮೆಯ ಬುಡವನ್ನೇ ಅಲ್ಲಾಡಿಸಿದನು. ರಾಜ್ಯದ ಅಳಿವು ಉಳಿವು ಯಜ್ಞಗಳ ಮೇಲಲ್ಲ, ಊರಬಾಗಿಲಿನ ನ್ಯಾಯಸಭೆಯ ಮೇಲೆ ನಿಂತಿದೆಯೆಂದು ಸಾರಿದನು. ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯ ಬಿದ್ದು, 27,000ಕ್ಕೂ ಹೆಚ್ಚು ಜನರನ್ನು ಸಾಗಿಸಿದೆನೆಂದು ಅಸ್ಸೀರಿಯದ ಎರಡನೆಯ ಸರ್ಗೋನನು ಬರೆಯಿಸಿದಾಗ, ಆಮೋಸನ ಮಾತನ್ನು ಕಾಪಾಡಿಕೊಂಡಿದ್ದವರಿಗೆ ಅದು ತೀರ್ಪಿನಂತೆ ಕಂಡಿರಬೇಕು.

ಯೆಶಾಯನೂ ಮೀಕನೂ ಇದೇ ಆರೋಪವನ್ನು ದಕ್ಷಿಣದ ಯೆಹೂದಕ್ಕೆ ತಂದರು. ಇವರ ಮಾತುಗಳಲ್ಲಿ ‘ಮಿಷ್ಪಾಟ್’ ಮತ್ತು ‘ಚೆದಾಕಾ’ ಎಂಬ ಎರಡು ಪದಗಳು ಜೊತೆಯಾಗಿ ಬರುತ್ತವೆ. ಮೊದಲನೆಯದು ವ್ಯಾಜ್ಯದಲ್ಲಿ ಸಲ್ಲುವ ನ್ಯಾಯನಿರ್ಣಯ, ಎರಡನೆಯದು ಸಂಬಂಧಕ್ಕೆ ತಕ್ಕಂತೆ ನಡೆದುಕೊಳ್ಳುವ ಸದಾಚಾರ, ಮುಂದೆ ಯೆಹೂದ್ಯರ ಬಳಕೆಯಲ್ಲಿ ದಾನಧರ್ಮಕ್ಕೆ ಇದೇ ಪದ ನಿಂತಿತು. ದೇವರು ತನ್ನ ದ್ರಾಕ್ಷಿತೋಟದಲ್ಲಿ ‘ಮಿಷ್ಪಾಟ್’ ಬೆಳೆಯುವುದೆಂದು ಕಾದರೆ ‘ಮಿಸ್ಪಾಖ್’ ಎಂಬ ರಕ್ತಪಾತವೂ, ‘ಚೆದಾಕಾ’ ಬಯಸಿದರೆ ‘ಚೆಆಕಾ’ ಎಂಬ ಗೋಳೂ ಬೆಳೆದವೆಂದು ಯೆಶಾಯನು ಮಾಡಿದ ಶ್ಲೇಷೆಯನ್ನು ಯಾವ ಅನುವಾದವೂ ಹಿಡಿದುಕೊಡಲಾರದು.

ಪ್ರವಾದಿಗಳು ಖಂಡಿಸಿದ ಅನ್ಯಾಯ ದಿನನಿತ್ಯ ಎಂಥ ರೂಪದಲ್ಲಿತ್ತೆಂಬುದಕ್ಕೆ ಒಂದು ಅಪೂರ್ವ ದಾಖಲೆಯಿದೆ. 1960ರಲ್ಲಿ ಯೋಸೆಫ್ ನಾವೆ ಎಂಬ ಪುರಾತತ್ತ್ವಜ್ಞರು ಮೆಡಿಟರೇನಿಯನ್ ಕರಾವಳಿಯ ಯಾವ್ನೆ-ಯಾಮ್ ಸಮೀಪದ ಒಂದು ಸಣ್ಣ ಕೋಟೆಯಲ್ಲಿ, ಮಸಿಯಲ್ಲಿ ಬರೆದ 14 ಸಾಲುಗಳ ಮಡಕೆಚೂರೊಂದನ್ನು ಕಂಡರು, ಕಾಲ ಕ್ರಿ.ಪೂ. 7ನೆಯ ಶತಮಾನದ ಕೊನೆ. ಕೊಯ್ಲಿನ ಕೂಲಿಯಾಳೊಬ್ಬನು ಕೋಟೆಯ ಅಧಿಕಾರಿಗೆ ಬರೆಯಿಸಿಕೊಂಡ ಅರ್ಜಿ ಅದು. ತಾನು ತನ್ನ ಪಾಲಿನ ಕೊಯ್ಲನ್ನು ಅಳೆದು ಕಣಜಕ್ಕೆ ಸೇರಿಸಿದ್ದರೂ ಶೋಬಾಯನ ಮಗ ಹೋಷಯಾಹು ಬಂದು ತನ್ನ ಬಟ್ಟೆಯನ್ನು ಕಿತ್ತುಕೊಂಡನೆಂದೂ, ಬಿಸಿಲಿನಲ್ಲಿ ಜೊತೆಗೆ ಕೊಯ್ದವರೆಲ್ಲ ತನ್ನ ಪರ ಸಾಕ್ಷಿ ಹೇಳುವರೆಂದೂ, ತಪ್ಪಿಲ್ಲದ ತನಗೆ ಬಟ್ಟೆಯನ್ನು ಮರಳಿ ಕೊಡಿಸಬೇಕೆಂದೂ ಅವನು ಬೇಡಿಕೊಂಡಿದ್ದಾನೆ. ಅಡವಿಟ್ಟುಕೊಂಡ ಬಟ್ಟೆಯನ್ನು ಸೂರ್ಯ ಮುಳುಗುವುದರೊಳಗೆ ಹಿಂದಿರುಗಿಸಬೇಕೆಂದು ವಿಮೋಚನಕಾಂಡವೂ ಧರ್ಮೋಪದೇಶಕಾಂಡವೂ ವಿಧಿಸಿದ್ದು ಇಂಥವರಿಗಾಗಿ, ಆಮೋಸನು ಸಿಡಿದದ್ದು ಇದೇ ಬಟ್ಟೆಗಾಗಿ. ದೇವತಾಶಾಸ್ತ್ರದ ದಪ್ಪ ಸಂಪುಟಗಳಿಗಿಂತ ಈ ಚೂರು ಹೆಚ್ಚು ಹೇಳುತ್ತದೆ: ಅಕ್ಷರ ಬಾರದ ಕೂಲಿಯವನಿಗೂ ಅಧಿಕಾರದಲ್ಲಿದ್ದವನು ತನಗೆ ಉತ್ತರ ಕೊಡಬೇಕಾದವನು ಎಂಬ ಅರಿವಿತ್ತು.

ಇದೇ ಕಾಲದ ಸುಮಾರಿಗೆ ಯೆಹೂದದ ನ್ಯಾಯದಲ್ಲಿ ತಂದೆ ಮಕ್ಕಳ ಲೆಕ್ಕವನ್ನು ಬೇರ್ಪಡಿಸುವ ಒಂದು ಸೂತ್ರ ಬರಹಕ್ಕೆ ಇಳಿಯಿತು. ಮಕ್ಕಳ ಅಪರಾಧಕ್ಕೆ ತಂದೆಗಳನ್ನಾಗಲಿ ತಂದೆಗಳ ಅಪರಾಧಕ್ಕೆ ಮಕ್ಕಳನ್ನಾಗಲಿ ಕೊಲ್ಲಕೂಡದೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಅರಸ ಅಮಚ್ಯನು ತನ್ನ ತಂದೆಯ ಕೊಲೆಗಾರರನ್ನು ಕೊಲ್ಲಿಸಿ ಅವರ ಮಕ್ಕಳನ್ನು ಉಳಿಸಿದ್ದನ್ನು ಅರಸುಗಳ ಗ್ರಂಥವು ಇದೇ ವಿಧಿಯ ಪಾಲನೆಯೆಂದು ಮೆಚ್ಚಿಕೊಂಡಿದೆ. ಬೇತೇಲಿನ ಯಾಜಕನಿಗೂ ಈ ಅರಸನಿಗೂ ಹೆಸರು ಒಂದೇ ಆದರೂ ವ್ಯಕ್ತಿಗಳು ಬೇರೆ. ಆದರೆ ಈ ವಿಧಿ ಮನುಷ್ಯರ ನ್ಯಾಯಾಲಯಕ್ಕೆ ಮಾತ್ರ ಅನ್ವಯಿಸಿತು. ಕೊಲೆಗಾರನ ಮಗನನ್ನು ಅರಸನು ಕೊಲ್ಲಬಾರದು, ಆದರೆ ದೇವರ ಲೆಕ್ಕದಲ್ಲಿ ಮೂರನೆಯ ನಾಲ್ಕನೆಯ ತಲೆಮಾರಿನ ಬಾಕಿ ಹಾಗೆಯೇ ಉಳಿಯಿತು.

ಈ ಎರಡು ಲೆಕ್ಕಗಳ ನಡುವಿನ ಬಿರುಕು ಬಾಯಿ ಬಿಟ್ಟದ್ದು ಯೆಹೂದದ ಅರಸ ಯೋಷೀಯನ ಸಾವಿನೊಂದಿಗೆ. ಕ್ರಿ.ಪೂ. 622ರಲ್ಲಿ ದೇವಾಲಯದಲ್ಲಿ ಸಿಕ್ಕ ಧರ್ಮಗ್ರಂಥದಂತೆ ನಾಡನ್ನು ಶುದ್ಧೀಕರಿಸಿದ ಆ ಅರಸನು 609ರಲ್ಲಿ ಮೆಗಿದ್ದೋವಿನಲ್ಲಿ ಈಜಿಪ್ಟಿನ ದೊರೆಯ ಕೈಯಲ್ಲಿ ಹತನಾದನು; ಅವನ ಅಜ್ಜ ಮನಸ್ಸೆ ನಿರಪರಾಧಿಗಳ ರಕ್ತದಿಂದ ಯೆರೂಸಲೇಮನ್ನು ತುಂಬಿಸಿದವನು, ಐವತ್ತೈದು ವರ್ಷ ಆಳಿ ನೆಮ್ಮದಿಯಾಗಿ ಸತ್ತಿದ್ದನು. ಯೋಷೀಯನ ಎಲ್ಲ ಒಳಿತೂ ಮನಸ್ಸೆಯ ಪಾಪದ ಬಾಕಿಯನ್ನು ತೀರಿಸಲಾರದೆ ಹೋಯಿತೆಂದು ಅರಸುಗಳ ಗ್ರಂಥವೇ ವಿವರಣೆ ಕೊಡುತ್ತದೆ. ಹಾಗಾದರೆ ಒಳ್ಳೆಯವನಾಗಿ ಬಾಳುವುದರ ಪ್ರಯೋಜನವೇನೆಂದು ಜನ ಕೇಳಿದ್ದರೆ ಅವರನ್ನು ದೂರುವಂತಿಲ್ಲ.

ಯೆರೆಮೀಯನು ಈ ಕಾಲದ ಸಾಕ್ಷಿ. ಯೋಷೀಯನ ಮಗ ಯೆಹೋಯಾಕೀಮನು ಕೂಲಿ ಕೊಡದೆ ಬಿಟ್ಟಿ ದುಡಿಸಿಕೊಂಡು ದೇವದಾರಿನ ಅರಮನೆ ಕಟ್ಟಿಸಿದಾಗ, ಬಡವನ ನ್ಯಾಯವನ್ನು ತೀರಿಸುವುದೇ ದೇವರನ್ನು ಅರಿಯುವುದೆಂದು ಪ್ರವಾದಿಯು ತಂದೆಯ ಮಾದರಿಯನ್ನು ಮಗನಿಗೆ ನೆನಪಿಸಿದನು. ಬಾಬಿಲೋನಿನ ಸೈನ್ಯ ಕೊನೆಯ ಸಲ ಯೆರೂಸಲೇಮನ್ನು ಮುತ್ತಿದ್ದಾಗ ನಡೆದದ್ದಂತೂ ಮನುಷ್ಯಸ್ವಭಾವದ ನಿಷ್ಠುರ ಚಿತ್ರ: ಭಯಗೊಂಡ ಯಜಮಾನರು ಅರಸ ಚಿದ್ಕೀಯನ ಮುಂದೆ ಒಡಂಬಡಿಕೆ ಮಾಡಿ ತಮ್ಮ ಹೀಬ್ರೂ ದಾಸದಾಸಿಯರನ್ನೆಲ್ಲ ಬಿಡುಗಡೆ ಮಾಡಿದರು, ಈಜಿಪ್ಟಿನ ಸೈನ್ಯ ಹೊರಟ ಸುದ್ದಿಗೆ ಮುತ್ತಿಗೆ ಸಡಿಲಿತು, ಸಡಿಲಿದೊಡನೆ ಬಿಟ್ಟವರನ್ನು ಮತ್ತೆ ಹಿಡಿದು ದಾಸ್ಯಕ್ಕೆ ತಂದರು. ಮನಸ್ಸೆಯ ಪಾಪದ ಮಾತು ಇಲ್ಲಿ ಬೇಕಾಗಿಯೇ ಇರಲಿಲ್ಲ. ಅಂದಿನ ಪೀಳಿಗೆ ತನ್ನ ಪಾಪವನ್ನು ತಾನೇ ಕೈಯಾರೆ ಸಂಪಾದಿಸಿತ್ತು.

ಯೆರೂಸಲೇಮ್ ಮೊದಲು ಶರಣಾದದ್ದು ಕ್ರಿ.ಪೂ. 597ರಲ್ಲಿ. ಬಾಬಿಲೋನಿನ ದೊರೆ ನೆಬೂಕದ್ನೆಚ್ಚರನು ಹದಿನೆಂಟರ ಹರೆಯದ ಅರಸ ಯೆಹೋಯಾಕೀನನನ್ನೂ ಅಧಿಕಾರಿಗಳನ್ನೂ ಕಮ್ಮಾರರನ್ನೂ ಶಿಲ್ಪಿಗಳನ್ನೂ ತನ್ನ ನಾಡಿಗೆ ಒಯ್ದನು. ಒಯ್ದವರ ಸಂಖ್ಯೆ 10,000 ಎಂದು ಅರಸುಗಳ ಗ್ರಂಥವೂ 3,023 ಎಂದು ಯೆರೆಮೀಯನ ಗ್ರಂಥವೂ ಹೇಳುತ್ತವೆ. ಹತ್ತು ವರ್ಷಗಳ ನಂತರ ದೇವಾಲಯವೂ ಸುಟ್ಟುಹೋಯಿತು. ಸೆರೆಯ ಅರಸನಿಗೂ ಅವನ ಐದು ಮಕ್ಕಳಿಗೂ ಅಳೆದು ಕೊಟ್ಟ ಎಣ್ಣೆಯ ಲೆಕ್ಕ ಬಾಬಿಲೋನಿನ ಅರಮನೆಯ ಮಣ್ಣಿನ ಹಲಗೆಗಳಲ್ಲಿ ಸಿಕ್ಕಿದ್ದು, 1939ರಲ್ಲಿ ಪ್ರಕಟವಾಯಿತು. ಉಳಿದವರು ನಿಪ್ಪೂರ್ ಪಟ್ಟಣದ ಸುತ್ತಣ ನೀರಾವರಿ ಕಾಲುವೆಗಳ ಬಯಲಿನಲ್ಲಿ ನೆಲೆಯೂರಿದರು. ‘ಆಲ್-ಯಾಹೂದು’, ಅಂದರೆ ಯೆಹೂದ್ಯರ ಊರು, ಎಂಬ ಹೆಸರಿನ ಹಳ್ಳಿಯ ಗುತ್ತಿಗೆ, ಸಾಲ, ತೆರಿಗೆಗಳ ದಾಖಲೆಗಳು ಕ್ರಿ.ಪೂ. 572ರಿಂದ ಮುಂದೆ ಸುಮಾರು ಒಂದು ಶತಮಾನದ ಅವಧಿಗೆ ದೊರೆತಿವೆ. ಇಂಥದೇ ಒಂದು ಕಾಲುವೆ ಕೆಬಾರ್, ಅದರ ದಂಡೆಯ ಊರು ತೇಲಾಬೀಬ್, ಅಲ್ಲಿ ಕ್ರಿ.ಪೂ. 593ರಲ್ಲಿ ಪ್ರವಾದಿಯಾಗಿ ಕರೆ ಪಡೆದವನು ಯಾಜಕರ ಮನೆತನದ ಯೆಹೆಜ್ಕೇಲ.

ಸೆರೆಯವರ ಬಾಯಲ್ಲಿ ಅಂದು ಒಂದು ಗಾದೆ ಓಡಾಡುತ್ತಿತ್ತು. ಹುಳಿ ದ್ರಾಕ್ಷಿ ತಿಂದದ್ದು ಹಿರಿಯರು, ಹಲ್ಲು ಚಳಿತದ್ದು ಮಾತ್ರ ಮಕ್ಕಳದ್ದು ಎಂಬುದು ಅದರ ಭಾವ. ಇದನ್ನು ಸೋಮಾರಿಗಳ ನೆಪವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ದಶಾಜ್ಞೆಯ ಮಾತಿಗೂ ಮನಸ್ಸೆಯ ಬಗೆಗಿನ ಅಧಿಕೃತ ವಿವರಣೆಗೂ ಜನರು ಕೊಟ್ಟ ವ್ಯಂಗ್ಯದ ಟಿಪ್ಪಣಿ. ಈ ಗಾದೆ ಮುಂದೊಂದು ಕಾಲದಲ್ಲಿ ಇಲ್ಲವಾಗುವುದೆಂದು ಯೆರೆಮೀಯನ ಗ್ರಂಥ ಹೇಳಿದರೆ ಯೆಹೆಜ್ಕೇಲನು ಅದನ್ನು ಅಂದೇ ನಿಷೇಧಿಸಿದನು. ಅವನ ಗ್ರಂಥದ 18ನೆಯ ಅಧ್ಯಾಯ ಒಂದು ನ್ಯಾಯತೀರ್ಪಿನ ಧಾಟಿಯಲ್ಲಿ ಮೂರು ತಲೆಮಾರುಗಳನ್ನು ಸಾಲಾಗಿ ನಿಲ್ಲಿಸುತ್ತದೆ: ವಿಗ್ರಹಕ್ಕೆ ತಲೆಬಾಗದ, ನೆರೆಯವನ ಹೆಂಡತಿಯನ್ನು ಮುಟ್ಟದ, ಅಡವನ್ನು ಹಿಂದಿರುಗಿಸುವ, ಹಸಿದವನಿಗೆ ಅನ್ನವನ್ನೂ ಬೆತ್ತಲೆಯವನಿಗೆ ಬಟ್ಟೆಯನ್ನೂ ಕೊಡುವ, ಬಡ್ಡಿ ತೆಗೆದುಕೊಳ್ಳದ ತಂದೆ, ಇದೆಲ್ಲವನ್ನೂ ಮೀರಿದ ಹಿಂಸಕ ಮಗ, ಮಗನ ಕೃತ್ಯಗಳನ್ನು ಕಂಡು ಬೆದರಿ ಅಜ್ಜನ ದಾರಿ ಹಿಡಿದ ಮೊಮ್ಮಗ. ತಂದೆಯ ಪುಣ್ಯ ಮಗನನ್ನು ಉಳಿಸದು, ಮಗನ ಪಾಪ ಮೊಮ್ಮಗನನ್ನು ಮುಟ್ಟದು, ಪ್ರತಿ ಪ್ರಾಣವೂ ನೇರವಾಗಿ ದೇವರದು. ಈ ಪಟ್ಟಿಯಲ್ಲಿ ಆರಾಧನೆಯ ನಿಯಮಗಳೂ ಅಡವಿನ ಬಟ್ಟೆಯೂ ಒಂದೇ ತಕ್ಕಡಿಯಲ್ಲಿ ಕುಳಿತಿರುವುದು ಯಾಜಕನೂ ಪ್ರವಾದಿಯೂ ಒಬ್ಬನೇ ಆದವನ ಕೈಬರಹ.

ಕನ್ನಡ ಓದುಗರಿಗೆ ಇಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ನಮ್ಮ ಮಾತು ನೆನಪಾದರೆ ಆಶ್ಚರ್ಯವಿಲ್ಲ, ಆದರೆ ಎರಡನ್ನೂ ಒಂದೇ ಎಂದು ತಿಳಿಯುವುದು ತಪ್ಪಾದೀತು. ಕರ್ಮದ ಲೆಕ್ಕಕ್ಕೆ ಜನ್ಮಜನ್ಮಾಂತರಗಳ ಅವಕಾಶವಿದೆ. ಯೆಹೆಜ್ಕೇಲನಿಗೆ ಇರುವುದು ಒಂದೇ ಬಾಳು, ಆ ಬಾಳಿನಲ್ಲಿಯೂ ಮನುಷ್ಯ ತನ್ನ ಹಿಂದಿನ ದಿನಗಳಿಗೆ ಕಟ್ಟುಬಿದ್ದವನಲ್ಲ. ದುಷ್ಟನು ತಿರುಗಿಕೊಂಡರೆ ಅವನ ಹಿಂದಿನ ದೋಷ ನೆನಪಿಗೆ ಬಾರದು, ಒಳ್ಳೆಯವನು ಕೆಟ್ಟರೆ ಅವನ ಹಿಂದಿನ ಒಳಿತು ಕಾಯದು ಎಂಬುದು ಅವನ ಮುಂದಿನ ಹೆಜ್ಜೆ. ‘ಶೂವ್’, ಅಂದರೆ ‘ತಿರುಗು, ಮರಳು’ ಎಂಬ ಕ್ರಿಯಾಪದದಿಂದಲೇ ಮುಂದೆ ಪಶ್ಚಾತ್ತಾಪಕ್ಕೆ ‘ತೆಶುವಾ’ ಎಂಬ ಹೆಸರು ಬಂದಿತು. ಕೇಳುಗರು ಇದಕ್ಕೆ ಒಪ್ಪಲಿಲ್ಲ. ದೇವರ ನಡೆ ಸರಿಯಿಲ್ಲವೆಂದು ಅವರು ತಕರಾರೆತ್ತಿದಾಗ ಬಳಸಿದ ಹೀಬ್ರೂ ಕ್ರಿಯಾಪದದ ಧಾತು ಅಳೆಯುವುದು, ತೂಗುವುದು ಎಂಬ ಅರ್ಥದ್ದು. ಆಮೋಸನು ವರ್ತಕರ ಮೇಲೆ ಹೊರಿಸಿದ ಕಳ್ಳತೂಕದ ದೂರನ್ನು ಈ ಜನ ದೇವರ ಮೇಲೆಯೇ ಹೊರಿಸಿದರು.

ಈ ಅಧ್ಯಾಯವನ್ನು ಓದಿ, ಕುಲದ ಹೊಣೆಯಿಂದ ವ್ಯಕ್ತಿಯ ಹೊಣೆಗೆ ಮನುಕುಲ ದಾಟಿದ ಗಡಿರೇಖೆಯೆಂದು 19ನೆಯ ಮತ್ತು 20ನೆಯ ಶತಮಾನದ ಹಲವು ವಿದ್ವಾಂಸರು ಕೊಂಡಾಡಿದರು. ಗ್ರಂಥದ ಉಳಿದ ಪುಟಗಳು ಆ ಸರಳ ರೇಖೆಗೆ ಒಗ್ಗುವುದಿಲ್ಲ. ಮೂರೇ ಅಧ್ಯಾಯಗಳ ಆಚೆ ಅದೇ ಪ್ರವಾದಿಯ ಖಡ್ಗ ಒಳ್ಳೆಯವನನ್ನೂ ಕೆಟ್ಟವನನ್ನೂ ಒಟ್ಟಿಗೆ ಕಡಿಯುತ್ತದೆ. 16, 20 ಮತ್ತು 23ನೆಯ ಅಧ್ಯಾಯಗಳಲ್ಲಿ ಇಡೀ ಜನಾಂಗವೇ ಒಬ್ಬ ಅಪರಾಧಿಯಾಗಿ ಕಟಕಟೆಯಲ್ಲಿ ನಿಲ್ಲುತ್ತದೆ. 1989ರಲ್ಲಿ ಪಾಲ್ ಜಾಯ್ಸ್ ಎಂಬ ವಿದ್ವಾಂಸರು, ಯೆಹೆಜ್ಕೇಲನು ಒಬ್ಬೊಬ್ಬ ವ್ಯಕ್ತಿಯ ದೃಷ್ಟಾಂತ ಕೊಟ್ಟದ್ದು ಹಳೆಯ ನ್ಯಾಯಶಾಸ್ತ್ರದ ಭಾಷೆಯನ್ನು ಬಳಸಿಯೆಂದೂ, ಅವನ ಗುರಿ ಒಟ್ಟು ಪೀಳಿಗೆಯೆಂದೂ, ನೀವು ಅನುಭವಿಸುತ್ತಿರುವುದು ಹಿರಿಯರ ಪಾಪವಲ್ಲ, ನಿಮ್ಮದೇ ಎಂದು ಸೆರೆಯವರಿಗೆ ಮನಗಾಣಿಸುವುದು ಅವನ ಉದ್ದೇಶವೆಂದೂ ವಾದಿಸಿದರು. ಈ ವಾದವೇ ಹೆಚ್ಚು ಒಪ್ಪುವಂಥದು, ಅದಕ್ಕೊಂದು ಮಾತನ್ನು ಕೂಡಿಸಿದರೆ: ಸೆರೆಯವರಿಗೆ ಹಿರಿಯರನ್ನು ದೂರುವ ಚಟವಷ್ಟೇ ಇರಲಿಲ್ಲ, ತಮ್ಮ ದೋಷದ ಭಾರದಲ್ಲಿ ಕೊಳೆತು ಬದುಕುವುದು ಹೇಗೆಂಬ ಹತಾಶೆಯೂ ಇತ್ತೆಂದು 33ನೆಯ ಅಧ್ಯಾಯ ತಿಳಿಸುತ್ತದೆ. ಹೊಣೆ ನಿನ್ನದೆಂದು ಹೇಳುವುದು ಅಂಥವರಿಗೆ ಬಿಡುಗಡೆಯ ಮಾತೂ ಆಗಿತ್ತು, ಏಕೆಂದರೆ ಹಿರಿಯರ ತಪ್ಪನ್ನು ಯಾರೂ ತಿದ್ದಲಾರರು, ತಮ್ಮದನ್ನು ತಿದ್ದಬಲ್ಲರು.

ಇದೇ ಪ್ರವಾದಿ ತನ್ನ ಮೇಲೆಯೂ ಒಂದು ಹೊಣೆ ಹೊತ್ತುಕೊಂಡನು. ಪಟ್ಟಣದ ಗೋಡೆಯ ಮೇಲಿನ ಕಾವಲುಗಾರನು ಶತ್ರುವಿನ ಖಡ್ಗವನ್ನು ಕಂಡೂ ಕೊಂಬು ಊದದಿದ್ದರೆ ಸತ್ತವರ ರಕ್ತಕ್ಕೆ ಅವನೇ ಉತ್ತರ ಕೊಡಬೇಕು, ಊದಿದರೆ ಕೇಳದೆ ಸತ್ತವನ ರಕ್ತ ಅವನವನ ತಲೆಯ ಮೇಲೆಯೇ. ಪ್ರತಿಯೊಬ್ಬನೂ ತನ್ನ ಪಾಪಕ್ಕೆ ತಾನೇ ಸಾಯುವನೆಂದು ಸಾರಿದವನು, ತಿಳಿದೂ ಸುಮ್ಮನಿದ್ದವನ ಪಾಲನ್ನು ಮಾತ್ರ ಆ ಲೆಕ್ಕದಿಂದ ಬಿಡಲಿಲ್ಲ.

ದಶಾಜ್ಞೆಗಳಲ್ಲಿನ ಮೋಶೆಯ ಮಾತಿಗೂ ಯೆಹೆಜ್ಕೇಲನ ತೀರ್ಪಿಗೂ ಇರುವ ವಿರೋಧ ಮುಂದಿನ ಯೆಹೂದ್ಯ ಗುರುಗಳ ಕಣ್ಣಿಗೆ ಬೀಳದೆ ಇರಲಿಲ್ಲ. ರಬ್ಬಿಗಳ ಚರ್ಚೆಗಳ ಮಹಾಸಂಕಲನವಾದ ಬಾಬಿಲೋನಿನ ತಾಲ್ಮುದಿನ ‘ಮಕ್ಕೋತ್’ ಎಂಬ ಭಾಗದಲ್ಲಿ, ಮೋಶೆ ಇಸ್ರಾಯೇಲಿನ ಮೇಲೆ ನಾಲ್ಕು ಕಠಿಣ ತೀರ್ಪುಗಳನ್ನು ನುಡಿದನೆಂದೂ ನಾಲ್ವರು ಪ್ರವಾದಿಗಳು ಬಂದು ಅವುಗಳನ್ನು ರದ್ದುಪಡಿಸಿದರೆಂದೂ, ತಂದೆಗಳ ದೋಷ ಮಕ್ಕಳ ಮೇಲೆ ಬರುವುದೆಂಬುದನ್ನು ರದ್ದುಪಡಿಸಿದವನು ಯೆಹೆಜ್ಕೇಲನೆಂದೂ ರಬ್ಬಿ ಯೋಸೆ ಬರ್ ಹನೀನ ಹೇಳುತ್ತಾರೆ. ಪ್ರವಾದಿಯೊಬ್ಬನಿಗೆ ಮೋಶೆಯ ಮಾತನ್ನು ತಳ್ಳಿಹಾಕುವ ಅಧಿಕಾರವನ್ನು ಇಷ್ಟು ಸಲೀಸಾಗಿ ಕೊಟ್ಟ ವಾಕ್ಯ ಆ ಸಂಕಲನದಲ್ಲಿ ವಿರಳ. ‘ಸನ್ಹೆದ್ರಿನ್’ ಎಂಬ ಭಾಗ ಬೇರೊಂದು ದಾರಿ ಹಿಡಿಯುತ್ತದೆ: ಹಿರಿಯರ ಕೃತ್ಯವನ್ನು ಮಕ್ಕಳೂ ಕೈಯಲ್ಲಿ ಹಿಡಿದುಕೊಂಡು ನಡೆದರೆ ಮಾತ್ರ ಹಿರಿಯರ ದೋಷ ಅವರಿಗೆ ತಗಲುತ್ತದೆ, ಮತ್ತು ಒಬ್ಬನ ತಪ್ಪಿಗೆ ಇನ್ನೊಬ್ಬನು ಸಿಕ್ಕಿಬೀಳುವುದು ತಡೆಯುವ ಶಕ್ತಿಯಿದ್ದೂ ತಡೆಯದಿದ್ದಾಗ. ಅಲ್ಲಿ ಬರುವ ಸೂತ್ರದಂತೆ ಇಸ್ರಾಯೇಲ್ಯರೆಲ್ಲರೂ ಒಬ್ಬರಿಗೊಬ್ಬರು ‘ಅರೇವಿಮ್’. ಸಾಲಕ್ಕೆ ಜಾಮೀನು ನಿಂತವನಿಗೆ ಹೀಬ್ರೂವಿನಲ್ಲಿ ‘ಆರೇವ್’ ಎಂದು ಹೆಸರು. ಜಾಮೀನಿಗೂ ಜವಾಬ್ದಾರಿಗೂ ‘ಹೊಣೆ’ ಎಂಬ ಒಂದೇ ಪದವನ್ನು ಉಳಿಸಿಕೊಂಡಿರುವ ಕನ್ನಡಕ್ಕೆ ಈ ಸೂತ್ರವನ್ನು ವಿವರಿಸಬೇಕಾದ ಅಗತ್ಯವೇ ಬೀಳದು.

ಯೆಹೂದ್ಯರ ವರ್ಷದ ಅತ್ಯಂತ ಪವಿತ್ರ ಉಪವಾಸದ ದಿನವಾದ ಯೋಮ್ ಕಿಪ್ಪುರ್‌ನಂದು, ಹಸಿದವನಿಗೆ ಅನ್ನ ಕೊಡದ ಉಪವಾಸವನ್ನು ಹಳಿಯುವ ಯೆಶಾಯನ ಗ್ರಂಥದ ಭಾಗವನ್ನು ಬೆಳಗ್ಗೆಯೂ, ಅಸ್ಸೀರಿಯರ ನಿನೆವೆ ಪಟ್ಟಣ ತಿರುಗಿಕೊಂಡು ಉಳಿದ ಯೋನನ ಗ್ರಂಥವನ್ನು ಮಧ್ಯಾಹ್ನವೂ ಸಭಾಮಂದಿರಗಳಲ್ಲಿ ಇಂದಿಗೂ ಓದುತ್ತಾರೆ. ಅಂದು ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದೇ ಪಾಪವನ್ನು ಹೆಸರಿಸುತ್ತಾ ಎದೆ ತಟ್ಟಿಕೊಂಡು ಮಾಡುವ ನಿವೇದನೆಯಲ್ಲಿ, ತಾನು ಮಾಡದ ಪಾಪವನ್ನೂ ಸೇರಿಸಿ, ಪ್ರತಿಯೊಂದು ಕ್ರಿಯಾಪದವೂ ಬಹುವಚನದಲ್ಲಿದೆ.